ಮೂಗುದಾರವಿಲ್ಲದ ಎತ್ತು

ಎತ್ತಿಗೆ ಮೂಗುದಾರ ಹಾಕುವುದು ತಪ್ಪೇ?

ನಮ್ಮ ಊರಿನಲ್ಲಿ ಯಾರನ್ನಾದರೂ ಹೀಗೆ ಕೇಳಿ ನೋಡಿ, ನಿಮಗೆ ಬಿಸಿಲು ತಲೆಗೆ ಹತ್ತಿದೆ ಎನ್ನುತ್ತಾರೆ. ಆದರೆ ಈ ಕಾರ್ತಿಕದಲ್ಲಿ ನಾನೊಂದು ಎತ್ತಿಗೆ ಮೂಗುದಾರ ಹಾಕಿದೆ. ಒಂದು ಹಟ್ಟಿಗೆ ಹಟ್ಟಿಯೇ ನನ್ನ ಬೆನ್ನ ಹಿಂದೆ ಉಸಿರು ಹಿಡಿದು ನಿಂತುಬಿಟ್ಟಿತು. ಹೆಂಗಸೊಬ್ಬಳು ಬಾಯಿಗೆ ಸೆರಗು ಒತ್ತಿಕೊಂಡಳು. ಮುದುಕನೊಬ್ಬ ತಲೆಯ ರುಮಾಲು ತೆಗೆದು ಕಂಕುಳಲ್ಲಿ ಸಿಕ್ಕಿಸಿಕೊಂಡ.

ನಿಜವಾದ ಎತ್ತಲ್ಲ, ಗೋಡೆಯ ಮೇಲೆ ಬರೆದ ಎತ್ತು. ನಿಜವಾದ ಹಗ್ಗವೂ ಅಲ್ಲ, ಬೆರಳಗಲದ ಕೆಮ್ಮಣ್ಣಿನ ಗೆರೆ.

ದುರ್ಗದ ಸ್ಕೂಲಿನಲ್ಲಿ ಕೂತು ವಾರವಾರವೂ ಈ ಪತ್ರಿಕೆಯಲ್ಲಿ ನಿಮ್ಮಜ್ಜಿಯ ಬರಹ ಹುಡುಕುವ ಮೊಮ್ಮಕ್ಕಳೇ, ಈ ವಾರ ನಿಮಗೆ ಆ ಎತ್ತಿನ ವಿಷಯವನ್ನೇ ಹೇಳುತ್ತೇನೆ. (ಉಳಿದ ಓದುಗರೂ ಕೇಳಬಹುದು. ನನಗೆ ಎದುರು ನಿಂತವರ ಜೊತೆ ಮಾತಾಡುವುದೇ ಕಷ್ಟ, ಕಾಣದವರ ಜೊತೆ ಅಷ್ಟು ಕಷ್ಟವಿಲ್ಲ.)

ನಾನು ಓದಿದ್ದು ನಮ್ಮೂರ ಕೂಲಿಮಠದಲ್ಲಿ, ಮರಳಿನ ಮೇಲೆ ಬೆರಳಾಡಿಸಿ. ಅಯ್ಯನವರು ‘ಅ’ ತಿದ್ದು ಎಂದರೆ ನಾನು ಅದಕ್ಕೊಂದು ಬಾಲ ಎಳೆದು ನವಿಲು ಮಾಡುತ್ತಿದ್ದೆ. ಅದಕ್ಕೆ ಬೆತ್ತದ ರುಚಿಯೂ ಸಿಕ್ಕಿದೆ. ಅಕ್ಷರ ಬಂದದ್ದು ಸ್ವಲ್ಪ, ನವಿಲು ಬಂದದ್ದು ಬಹಳ. ನಿಮ್ಮ ಅಜ್ಜ ಇದ್ದಾಗ ನಮ್ಮ ಮನೆಯ ಗೋಡೆಗಷ್ಟೇ ಬರೆಯುತ್ತಿದ್ದೆ. ಅವರು ಹೋದ ಮೇಲೆ ಊರಿನವರ ಗೋಡೆಗೂ ಬರೆಯತೊಡಗಿದೆ. ಈಚಲ ಕಡ್ಡಿಯ ತುದಿ ಜಜ್ಜಿದರೆ ಕುಂಚ. ಕೆಮ್ಮಣ್ಣು, ಸುಣ್ಣ, ದೀಪದ ಮಸಿ ಇದ್ದರೆ ಬಣ್ಣ. ಇದಕ್ಕಿಂತ ಹೆಚ್ಚಿನ ಸಾಮಾನು ನನ್ನ ಹತ್ತಿರ ಎಂದೂ ಇರಲಿಲ್ಲ.

ಚಳ್ಳಕೆರೆ ಸುತ್ತಲ ಹಳ್ಳಿಗಳಲ್ಲಿ ಮದುವೆ ಗೊತ್ತಾದರೆ ಮೊದಲು ಗೋಡೆಗೆ ಸುಣ್ಣ, ಕೆಮ್ಮಣ್ಣಿನ ಪಟ್ಟೆಯ ಕಾರಣೆ. ಆಗ ನನಗೆ ಕರೆ ಬರುತ್ತದೆ. “ಬಾರವ್ವ, ನಾಲ್ಕು ಗೆರೆ ಎಳೆದು ಹೋಗು.” ನಾಲ್ಕೇ ಗೆರೆ! ಬೆಳಗಿನಿಂದ ಸಂಜೆವರೆಗೆ ಕತ್ತು ಎತ್ತಿ ಕೈ ಎತ್ತಿ ಬರೆದರೂ ಅದು ನಾಲ್ಕು ಗೆರೆಯೇ. (ಮದುವೆಗೆ ಕರೆಯುವಾಗ ಗಂಡನಿಲ್ಲದವಳು ಮರೆತುಹೋಗುತ್ತಾಳೆ. ಗೋಡೆಗೆ ಕರೆಯುವಾಗ ಚೆನ್ನಾಗಿ ನೆನಪಿರುತ್ತಾಳೆ.)

ದಸರೆ ಕಳೆದ ಮೇಲೆ ಒಂದು ದಿನ ಹೀಗೇ ಒಂದು ಮನೆಯ ಪಡಸಾಲೆ ತುಂಬ ಗಿಣಿ, ಬಳ್ಳಿ, ಬಾಳೆಗೊನೆ ಬರೆದು ಮನೆಗೆ ಬಂದೆ. ನಿಮ್ಮವ್ವ ಹಿಟ್ಟು ಬೀಸುತ್ತಿದ್ದವಳು ಎದ್ದು ಬಂದು ನನ್ನ ಸೆರಗಿನ ಗಂಟು ಬಿಚ್ಚಿಸಿ ನೋಡಿದಳು. ವೀಳ್ಯದೆಲೆ, ಅಡಿಕೆ.

“ಇದೇನತ್ತೆ, ದಿನ ಪೂರ್ತಿ ದುಡಿದಿದ್ದಕ್ಕೆ ಇಷ್ಟೇನಾ?”

“ಪ್ರೀತಿಯಿಂದ ಕೊಟ್ಟರವ್ವ.”

“ಪ್ರೀತೀನ ಬೀಸಿ ಮುದ್ದೆ ಮಾಡಾಕಾಗ್ತೈತಾ? ಆ ಗೋಡೆ ಕಟ್ಟಿದೋನಿಗೆ ಕೂಲಿ ಕೊಟ್ರು. ಸುಣ್ಣ ಹೊತ್ತ ಕತ್ತೆಗೂ ಹುಲ್ಲು ಹಾಕಿದ್ರು. ಬರೆದೋರಿಗೆ ಮಾತ್ರ ಎಲೆ ಅಡಿಕೆ. ನಿಮ್ಮ ಕೈ ಏನು ಬಿಟ್ಟಿ ಕೈಯಾ?”

ನಾನು ನಕ್ಕು ಮಾತು ಮುಗಿಸೋಣವೆಂದುಕೊಂಡೆ. ಅವಳ ಕಣ್ಣು ನೋಡಿದ ಮೇಲೆ ನಗು ಬರಲಿಲ್ಲ.

“ಸುಗ್ಗಿ ತನಕ ನೋಡ್ತೀನ್ರಿ,” ಎಂದಳು. “ಅಷ್ಟರಾಗೆ ಕೊಟ್ಟು ಬರೆಸ್ಕೊಳ್ಳೋ ಒಂದು ಮನೆ ತೋರಿಸ್ರಿ. ಇಲ್ಲಾಂದ್ರೆ ಈ ಕುಂಚಾನೆಲ್ಲ ಒಲೆಗೆ ಹಾಕಿ ನೀರು ಕಾಯಿಸ್ತೀನಿ. ನಿಮ್ಮನ್ನ ಊರೋರು ಬಿಟ್ಟಿ ದುಡಿಸ್ಕೊಳ್ಳೋದು ನನ್ನ ಕೈಲಿ ನೋಡಾಕಾಗಲ್ಲ.”

ನಿಮ್ಮವ್ವ ಹೇಳಿದ್ದನ್ನು ಮಾಡುವವಳು. ಅದು ನಿಮಗೂ ಗೊತ್ತು, ನಿಮ್ಮ ಕಿವಿಗೂ ಗೊತ್ತು.

ಅಂದು ನನಗೆ ಊಟ ಸೇರಲಿಲ್ಲ. ಅವಳು ಹೇಳಿದ್ದರಲ್ಲಿ ತಪ್ಪೇನಿದೆ? ದುರ್ಗದಲ್ಲಿ ಫೋಟೋ ಹಿಡಿಯುವವನ ಮುಂದೆ ಜನ ಮುಂಗಡ ಕೊಟ್ಟು ಕೈಕಟ್ಟಿ ಕೂರುತ್ತಾರಂತೆ. ಅವನ ಹತ್ತಿರ ಪೆಟ್ಟಿಗೆ ಇದೆ, ಕರೀ ಬಟ್ಟೆ ಇದೆ. ನನ್ನ ಹತ್ತಿರ ಈಚಲ ಕಡ್ಡಿ ಇದೆ. ಕಡ್ಡಿಗೆ ಯಾರು ಮುಂಗಡ ಕೊಡುತ್ತಾರೆ? ಆದರೆ ಕುಂಚ ಬಿಟ್ಟರೆ ನಾನು ಏನು? ಜಪಮಣಿ ಎಣಿಸುತ್ತಾ ಮೂಲೆಯಲ್ಲಿ ಕೂರುವ ಒಂದು ಬಿಳಿ ಸೀರೆ. ಅಷ್ಟೇ.

ಕೇಳಿಕೊಂಡು ಹೋಗಬೇಕು ಎಂದು ತೀರ್ಮಾನ ಮಾಡಿದೆ. ಹೇಳುವುದು ಸುಲಭ. ಬೇರೆಯವರ ಬಾಗಿಲಲ್ಲಿ ನಿಂತರೆ ನನ್ನ ನಾಲಿಗೆ ಒಳಗೆ ಮಡಿಸಿಕೊಳ್ಳುತ್ತದೆ. ಅದಕ್ಕೇ ನಾಲಿಗೆಯ ಕೆಲಸವನ್ನು ಕೈಗೇ ಕೊಟ್ಟೆ. ಹಳೆಯ ಬಿಳಿ ಸೀರೆಯ ತುಂಡಿನ ಮೇಲೆ ಮಸಿಯಿಂದ ಸೀರೆಯ ಅಂಚುಗಳನ್ನು ಬರೆದೆ. ಹಂಸದ ಸಾಲು, ಮಾವಿನಕಾಯಿ, ತೆನೆ, ದನ ಮೇಯುವ ನಮ್ಮ ಕಾವಲಿನ ಹುಲ್ಲಿನ ಹೂವು. ನಿಮ್ಮಪ್ಪ ಕಂಬಳಿ ಮಾರಲು ಮೊಳಕಾಲ್ಮೂರಿಗೆ ಗಾಡಿ ಕಟ್ಟಿದ ದಿನ ನಾನೂ ಹತ್ತಿ ಕೂತೆ.

“ಅವ್ವ, ನೀನ್ಯಾಕೆ?” ಎಂದ.

“ರೇಷ್ಮೆ ನೋಡಬೇಕು.”

ಸುಳ್ಳೇನಲ್ಲ. ನೋಡಿದೆ. ನೇಕಾರರ ಬೀದಿಯಲ್ಲಿ ಬೆಳಗಿನ ಹೊತ್ತು ಆ ತುದಿಯಿಂದ ಈ ತುದಿಯವರೆಗೆ ಮಗ್ಗಕ್ಕೆ ಹೂಡುವ ರೇಷ್ಮೆಯ ಹಾಸು ಎಳೆದು ಕಟ್ಟಿದ್ದರು. ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು. ಬಿಸಿಲು ಬಿದ್ದಾಗ ಮಾತ್ರ ಅಲ್ಲಿ ಏನೋ ಇದೆ ಎಂದು ತಿಳಿಯುತ್ತಿತ್ತು, ಬೀದಿಯ ಮಧ್ಯೆ ನೀರು ನಿಂತು ಹರಿಯುವುದನ್ನು ಮರೆತ ಹಾಗೆ. ನಾನು ಬಾಯಿ ತೆರೆದು ನಿಂತೆ. ಅದರ ಕೆಳಗೆ ಒಂದು ಕೋಳಿ ಏನೂ ಇಲ್ಲವೆಂಬಂತೆ ಓಡಾಡುತ್ತಿತ್ತು. ದಿನಾ ನೋಡಿದರೆ ಕೋಳಿಗೂ ರೇಷ್ಮೆ ಸಾಮಾನ್ಯವೇ.

ನಿಮ್ಮಪ್ಪನ ಗುರುತಿನ ನೇಕಾರ ನಾಗಪ್ಪಯ್ಯ ಎಂಬ ಹಿರಿಯರ ಮನೆಗೆ ಹೋದೆವು. ಮನೆಯಲ್ಲಿ ತೆಲುಗು, ನಮ್ಮ ಜೊತೆ ಕನ್ನಡ. ನನ್ನ ಬಟ್ಟೆಯನ್ನು ತೊಡೆಯ ಮೇಲೆ ಹರಡಿಕೊಂಡು, ಒಂದೊಂದು ಅಂಚನ್ನೂ ಬೆರಳಿನಿಂದ ಸವರಿ ನೋಡಿದರು.

“ಚಾಲಾ ಬಾಗುಂದಮ್ಮಾ. ಬಾಳ ಚೆನ್ನಾಗೈತೆ. ಈ ಹುಲ್ಲಿನ ಹೂವು ಯಾರೂ ಮಾಡಿಲ್ಲ.”

ನಾನು ಇನ್ನಷ್ಟು ಹತ್ತಿರ ಸರಿದು ಕೂತೆ.

“ಆದ್ರೆ ನೀವು ಕೈ ತಿರುಗಿಸಿದ್ರೆ ಗೆರೆ ತಿರುಗ್ತೈತೆ. ನಾನು ಗೆರೆ ತಿರುಗಿಸ್ಬೇಕಂದ್ರೆ ಮಗ್ಗಾನೆಲ್ಲ ಬಿಚ್ಚಿ ಕಟ್ಬೇಕು. ಸಾಹುಕಾರ್ರು ಕೇಳೋದು ನಮ್ಮ ತಾತನ ಕಾಲದ ಅಂಚು. ಹೊಸದಕ್ಕೆ ಆರ್ಡರ್ ಕೊಡೋರು ಯಾರಮ್ಮಾ?”

ಆರ್ಡರ್! ಆ ಮಾತು ನಾನು ಕೇಳಿದ್ದು ಅದೇ ಮೊದಲು. ಯಾರೋ ಮುಂಚಿತವಾಗಿ ‘ನನಗೆ ಇದು ಬೇಕು, ನೀನೇ ಮಾಡಬೇಕು, ಅದಕ್ಕೆ ನಾನು ಕೊಡುತ್ತೇನೆ’ ಎನ್ನುವುದು. ಎಷ್ಟು ದೊಡ್ಡ ಮಾತು, ನೋಡಿ. ಅದನ್ನು ನನಗೆ ಜೀವಮಾನದಲ್ಲಿ ಯಾರೂ ಹೇಳಿರಲಿಲ್ಲ.

ನಾನು ಬಟ್ಟೆ ಮಡಿಸತೊಡಗಿದೆ. ನಾಗಪ್ಪಯ್ಯನವರು ನನ್ನ ಮುಖ ನೋಡಿ ಏನನ್ನೋ ನೆನಪು ಮಾಡಿಕೊಂಡರು.

“ಎತ್ತು ಬರೀತೀರಾ?”

ನಾನು ತಲೆಯಾಡಿಸಿದೆ. ರೈತರ ಮನೆಯವಳಿಗೆ ಎತ್ತು ಬರೆಯುತ್ತೀಯಾ ಎಂದು ಕೇಳುವುದೇ?

“ವರವು ಕಾವಲ್ ಮಗ್ಗುಲಲ್ಲಿ ದೇವರೆತ್ತಿನ ಹಟ್ಟಿ ಐತೆ. ಅಲ್ಲಿ ಕಿಲಾರಿ ಬೋರಯ್ಯ ದೇವರ ವಸ್ತ್ರಕ್ಕೆ ಅಂತ ನಮ್ಮನೆಗೆ ಬಂದಿದ್ದ. ಅವರ ಪಟ್ಟದ ಎತ್ತು ಹೋಗಿಬಿಡ್ತಂತೆ. ಗೋಡೆ ಮೇಲೆ ಬರೆಸ್ಬೇಕು, ಬರೆಯೋರು ಯಾರಾದ್ರೂ ಇದಾರಾ ಅಂತ ಕೇಳ್ತಿದ್ದ. ನಾನು ಹೇಳಿ ಕಳಿಸ್ತೀನಿ, ಹೋಗಿ ಬರ್ರಿ.”

ದೇವರೆತ್ತು ಎಂದರೆ ನಿಮಗೆ ಗೊತ್ತಿರಲಿಕ್ಕಿಲ್ಲ. ನಮ್ಮ ಸೀಮೆಯ ಕೆಲವು ಹಟ್ಟಿಗಳಲ್ಲಿ ದೇವರ ಹೆಸರಿಗೆ ಬಿಟ್ಟ ಎತ್ತುಗಳ ಮಂದೆ ಇರುತ್ತದೆ. ಅವನ್ನು ಯಾರೂ ನೊಗಕ್ಕೆ ಕಟ್ಟುವುದಿಲ್ಲ, ಮಾರುವುದಿಲ್ಲ, ಹೊಡೆಯುವುದಿಲ್ಲ. ಕಾಯುವವನಿಗೆ ಕಿಲಾರಿ ಎನ್ನುತ್ತಾರೆ. ಮಂದೆಯ ಮುಂದೆ ನಡೆಯುವ ಹಿರಿಯ ಎತ್ತು ಪಟ್ಟದ ಎತ್ತು. ಅದು ಸತ್ತರೆ ಮನೆಯ ಹಿರಿಯರಿಗೆ ಮಾಡಿದ ಹಾಗೆ ಮಣ್ಣು ಮಾಡುತ್ತಾರೆ. ಇಷ್ಟೆಲ್ಲ ನನಗೆ ಗೊತ್ತಿತ್ತು. ತಲೆಗೆ ಗೊತ್ತಿದ್ದದ್ದು ಕೈಗೆ ಇಳಿದಿರಲಿಲ್ಲ ಎಂಬುದು ಆಮೇಲೆ ತಿಳಿಯಿತು.

ಹಟ್ಟಿಯಿಂದ ಬರಹೇಳಿದರು. ನಾವು ಗಾಡಿಯಲ್ಲಿ ಮುಟ್ಟುವ ಹೊತ್ತಿಗೆ ಬಿಸಿಲೇರಿ, ಮಂದೆ ಕಾವಲಿಗೆ ಹೋಗಿಬಿಟ್ಟಿತ್ತು. ಮಂದೆ ಕೂಡುವ ಮುಳ್ಳುಬೇಲಿಯ ದೊಡ್ಡ ರೊಪ್ಪ ಖಾಲಿ. ಅದರ ಬಾಗಿಲ ಪಕ್ಕದಲ್ಲಿ ಒಂದು ಎತ್ತರದ ಗೋಡೆ. ಹಟ್ಟಿಯ ಹೆಂಗಸರು ಹಿಂದಿನ ದಿನವೇ ಸುಣ್ಣ ಬಳಿದು ಒಣಗಿಸಿಟ್ಟಿದ್ದರು. ಅಷ್ಟು ಬಿಳಿ ಗೋಡೆ ನನಗೆಂದು ಕಾಯುತ್ತಿದ್ದದ್ದು ಕಂಡು ಅಂಗೈಯಿಂದ ಅದನ್ನು ಮುಟ್ಟಿ ನೋಡಿದೆ. ಇದುವರೆಗೆ ನನಗೆ ಸಿಕ್ಕಿದ್ದೆಲ್ಲ ಬಾಗಿಲ ಪಕ್ಕದ ಚೂರು, ಗೂಡಿನ ಸುತ್ತಲ ಜಾಗ, ಕಿಟಕಿ ಬಿಟ್ಟು ಉಳಿದದ್ದು.

ಬೋರಯ್ಯನಿಗೆ ನಿಮ್ಮ ಅಜ್ಜ ಇದ್ದಿದ್ದರೆ ಇರುತ್ತಿದ್ದಷ್ಟು ವಯಸ್ಸು. ನಾನು ಅವರ ಹೆಂಡತಿ ಪಾಪವ್ವನ ಕಿವಿಯಲ್ಲಿ ಮೆಲ್ಲಗೆ ಹೇಳಿದೆ, ನಾನು ಗಂಡನಿಲ್ಲದವಳು, ದೇವರ ಕೆಲಸಕ್ಕೆ ಪರವಾಗಿಲ್ಲವೇ ಎಂದು. ಆಕೆ ಅದನ್ನು ಹಟ್ಟಿಗೆಲ್ಲ ಕೇಳುವ ಹಾಗೆ ಗಂಡನಿಗೆ ಹೇಳಿದಳು. (ಇಂಥವರ ಮುಂದೆ ನಾಚಿಕೆಪಟ್ಟು ಏನು ಪ್ರಯೋಜನ?)

“ಎತ್ತಿಗೆ ನಿನ್ನ ಗಂಡ ಯಾಕವ್ವ?” ಎಂದರು ಬೋರಯ್ಯ. “ಅದಕ್ಕೆ ನಿನ್ನ ಕೈ ಸಾಕು.”

ಕಾಣದ ಎತ್ತನ್ನು ಬರೆಯುವುದು ಹೇಗೆ? ಕೇಳಿ ಬರೆಯಬೇಕು. ಕೇಳಿದೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಒಪ್ಪಲಿಲ್ಲ.

“ಕೊಂಬು ಹಿಂದಕ್ಕೆ ಹೋಗಿ ಅಲ್ಲಿಂದ ಮ್ಯಾಲಕ್ಕೆ ಎದ್ದಿದ್ವು,” ಎಂದು ಬೋರಯ್ಯ ಕಣ್ಣು ಮುಚ್ಚಿ ಗಾಳಿಯಲ್ಲಿ ಎರಡು ಕೈಯಿಂದ ಬರೆದು ತೋರಿಸಿದರು.

“ಎಡಗೊಂಬಿನ ತುದಿ ಮುರಿದಿತ್ತು,” ಎಂದಳು ಪಾಪವ್ವ.

“ಮುರಿದಿರಲಿಲ್ಲ ಕಣೇ, ಸವೆದಿತ್ತು.”

“ನಿನಗೇನು ಗೊತ್ತು? ಹಬ್ಬಕ್ಕೆ ಕೊಂಬು ತೊಳೀತಿದ್ದೋಳು ನಾನು.”

“ದಿನಾ ಅದರ ಮುಖ ನೋಡ್ಕೊಂಡು ಎದ್ದೋನು ನಾನು.”

“ಅದಕ್ಕೇ ನನ್ನ ಮುಖ ಹೆಂಗೈತೆ ಅಂತ ಇವತ್ತಿಗೂ ನಿನಗೆ ಗೊತ್ತಿಲ್ಲ!”

ಹಟ್ಟಿ ನಕ್ಕಿತು. ನಾನೂ ನಕ್ಕೆ, ನಗುತ್ತಾ ಕೊಂಬು ಬರೆದೆ, ತುದಿ ಸವೆದ ಹಾಗೂ ಕಾಣಬೇಕು, ಮುರಿದ ಹಾಗೂ ಕಾಣಬೇಕು. ಇಬ್ಬರೂ “ಹೂಂ, ಹಂಗೇ” ಎಂದರು. ಅದು ನನ್ನ ಆ ದಿನದ ಮೊದಲ ಗೆಲುವು.

ಎತ್ತು ಬಿಳಿಯದು. ಗೋಡೆಯೂ ಬಿಳಿ. ಹಾಗಾಗಿ ಎತ್ತನ್ನು ಬರೆಯದೆ, ಎತ್ತಿನ ಸುತ್ತಲಿನ ಜಾಗವನ್ನೆಲ್ಲ ಕೆಮ್ಮಣ್ಣಿನಿಂದ ತುಂಬುತ್ತಾ ಹೋದೆ. ಬಿಟ್ಟ ಜಾಗ ಎತ್ತಾಯಿತು. ಬೆನ್ನು, ಅದರ ಮೇಲೆ ಡುಬ್ಬದಂತೆ ಎದ್ದ ಇಣಿ, ಕತ್ತಿನ ಕೆಳಗೆ ಇಳಿಬಿದ್ದ ಗಂಗೆದೊಗಲು. ಮಸಿಯಿಂದ ಗೊರಸು, ಕೊಂಬು, ಕಿವಿಯ ಒಳಗು. ಜನ ಮಾತು ನಿಲ್ಲಿಸಿದ್ದು ಯಾವಾಗ ಎಂದು ನನಗೆ ತಿಳಿಯಲಿಲ್ಲ. ಕಣ್ಣಿಗೆ ಮಸಿ ಇಟ್ಟಾಗ ಹಿಂದೆ ಯಾರೋ ಮೂಗು ಒರೆಸಿಕೊಂಡ ಸದ್ದು. ತಿರುಗಿ ನೋಡಲಿಲ್ಲ. ಆ ಕೈ ನನ್ನದೇ ಎಂದು ನಂಬುವುದು ಕಷ್ಟವಾಗಿತ್ತು.

ಆ ಸಂತೋಷದಲ್ಲೇ ಎಡವಿದೆ.

ಕುಂಚದಲ್ಲಿ ಕೆಮ್ಮಣ್ಣು ಉಳಿದಿತ್ತು. ಕಾರಹುಣ್ಣಿಮೆಗೆ ನಮ್ಮ ಮನೆಯ ಎತ್ತುಗಳಿಗೆ ಹೊಸ ಕೆಂಪು ಮೂಗುದಾರ ಹಾಕುತ್ತೇವಲ್ಲ, ಎಷ್ಟು ಅಂದವಾಗಿರುತ್ತದೆ! ಯೋಚನೆಯನ್ನೂ ಮಾಡಲಿಲ್ಲ. ಮೂಗಿನ ಹೊಳ್ಳೆಯಿಂದ ಕೊಂಬಿನ ಬುಡದವರೆಗೆ ಒಂದೇ ಬೀಸಿಗೆ ಎಳೆದೆ. ಚೆನ್ನಾಗಿ ಬಂತು. ಇಂಥ ಗೆರೆ ಸಲೀಸಾಗಿ ಬರುವುದಿಲ್ಲ.

ಹಿಂದೆ ಉಸಿರು ನಿಂತದ್ದು ಆಗ.

“ಏನವ್ವ ಮಾಡಿದೆ?” ಎಂದರು ಬೋರಯ್ಯ. “ನಮ್ಮ ದೇವರೆತ್ತಿಗೆ ಮೂಗು ಚುಚ್ಚಿಬಿಟ್ಟೆಯಲ್ಲವ್ವ.”

ಹುಟ್ಟಿದಾಗಿನಿಂದ ಸಾಯುವವರೆಗೆ ಆ ಎತ್ತಿನ ಮೂಗಿಗೆ ಹಗ್ಗ ಬಿದ್ದಿರಲಿಲ್ಲ. ಆ ಮಂದೆಯ ಯಾವ ಎತ್ತಿಗೂ ಬಿದ್ದಿಲ್ಲ. ಅದನ್ನು ನನಗೆ ಯಾರೂ ಹೇಳಿರಲಿಲ್ಲ, ಏಕೆಂದರೆ ಅದನ್ನು ಹೇಳಬೇಕು ಎಂದೇ ಅವರಿಗೆ ಹೊಳೆಯುವಂತಿರಲಿಲ್ಲ. ಎತ್ತಿಗೆ ನಾಲ್ಕು ಕಾಲು ಎಂದು ಯಾರಾದರೂ ಹೇಳುತ್ತಾರೆಯೇ? ನಾನು ಕೇಳಿರಲಿಲ್ಲ, ಏಕೆಂದರೆ ಹಗ್ಗವಿಲ್ಲದ ಎತ್ತನ್ನು ನಾನು ನೋಡಿಯೇ ಇರಲಿಲ್ಲ.

ಗಾಬರಿಯಲ್ಲಿ ಒದ್ದೆ ಬಟ್ಟೆಯಿಂದ ಒರೆಸಿದೆ. ಕೆಲಸ ಇನ್ನೂ ಕೆಟ್ಟಿತು. ಕೆಂಪು ಹರಡಿ ಎತ್ತಿನ ಮೂಗಿನಿಂದ ರಕ್ತ ಸೋರಿದ ಹಾಗಾಯಿತು. ಹೆಂಗಸರು ‘ಅಯ್ಯೋ’ ಎಂದರು. ನಿಮ್ಮಪ್ಪ ಗಾಡಿಯಿಂದ ಕುಡುಗೋಲು ಹಿಡಿದು ಓಡಿಬಂದ.

“ಹೆರೆದುಬಿಡ್ತೀನಿ ತಡಿಯವ್ವ.”

ಬೋರಯ್ಯ ಅಡ್ಡ ನಿಂತರು. “ಬ್ಯಾಡ ಕಣಪ್ಪ. ಅದರ ಮೈಮ್ಯಾಲೆ ಕಬ್ಬಿಣ ಬೀಳಂಗಿಲ್ಲ.”

ಹೆರೆಯುವಂತಿಲ್ಲ. ಒರೆಸುವಂತಿಲ್ಲ. ಓಡಿಹೋಗಲು ದಾರಿ ಇದ್ದರೆ ಓಡಿಹೋಗುತ್ತಿದ್ದೆ. ಆದರೆ ಅವರು ಯಾರೂ ನನ್ನನ್ನು ಬೈಯುತ್ತಿರಲಿಲ್ಲ, ನೋಡಿ. ಬೈದಿದ್ದರೆ ಹಗುರಾಗುತ್ತಿತ್ತು. ಎಲ್ಲರೂ ಎತ್ತನ್ನು ನೋಡುತ್ತಿದ್ದರು, ನೋವಿನಲ್ಲಿರುವವರನ್ನು ನೋಡುವ ಹಾಗೆ. ನಾನು ಬರೆದ ಚಿತ್ರವನ್ನು ಇಷ್ಟು ನಿಜವೆಂದು ನಂಬಿದವರನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಪಾಪವ್ವನನ್ನು ಕೇಳಿದೆ, “ಬಳಿದು ಉಳಿದ ಸುಣ್ಣ ಐತಾ?”

ಮಡಕೆಯ ತಳದಲ್ಲಿತ್ತು. ತೆಳ್ಳಗೆ ಕಲಸಿ, ಹೊಸ ಕುಂಚದಿಂದ ಆ ಕೆಂಪಿನ ಮೇಲೆ ಬಳಿದೆ. ಏನೂ ಆಗಲಿಲ್ಲ. ಒದ್ದೆ ಸುಣ್ಣ ನೀರಿನ ಹಾಗೆ, ಕೆಳಗಿನ ಕೆಂಪು ಹಾಗೇ ಕಾಣುತ್ತಿತ್ತು.

“ಹೋಗಲಿಲ್ಲವಲ್ಲವ್ವ,” ಎಂದರು ಯಾರೋ.

“ಕೂತ್ಕೊಳ್ರಿ,” ಎಂದೆ. ಅಷ್ಟು ಜನರಿಗೆ ಒಟ್ಟಿಗೆ ನಾನು ಹೇಳಿದ ಮಾತು ಅದೊಂದೇ.

ಕೂತರು. ಇಡೀ ಹಟ್ಟಿ ಗೋಡೆಯ ಎದುರು ಮಣ್ಣಿನ ಮೇಲೆ ಕೂತಿತು. ಕಾವಲಿನ ಕಡೆಯಿಂದ ಒಣಗಾಳಿ ಬೀಸುತ್ತಿತ್ತು. ಸುಣ್ಣ ಬಳಿದವರಿಗೆಲ್ಲ ಗೊತ್ತಿರುವುದೇ, ಒದ್ದೆಯಿದ್ದಾಗ ಅದು ಏನನ್ನೂ ಮುಚ್ಚುವುದಿಲ್ಲ, ಒಣಗುತ್ತಾ ಬೆಳ್ಳಗಾಗುತ್ತದೆ. ಆ ಹೆಂಗಸರೂ ವರ್ಷವರ್ಷ ಬಳಿಯುವವರೇ. ಆದರೆ ಕೂತು ಕಾದು ನೋಡಿದವರು ಯಾರಿದ್ದಾರೆ? ಬಳಿದು ಒಳಗೆ ಹೋಗುತ್ತೇವೆ, ಬಂದಾಗ ಗೋಡೆ ಬಿಳಿಯಾಗಿರುತ್ತದೆ.

ಅಂಚಿನಿಂದ ಶುರುವಾಯಿತು. ಕೆಂಪು ಮಸುಕಾಯಿತು. ಒಣಗಿದಲ್ಲಿ ಮತ್ತೆ ಬಳಿದೆ, ಮತ್ತೆ ಕೂತೆವು. ಕೆನ್ನೆಯ ಮೇಲಿನ ಹಗ್ಗ ಮೊದಲು ಸಡಿಲವಾದಂತೆ ಕಂಡಿತು. ಆಮೇಲೆ ತುಂಡು ತುಂಡಾಯಿತು. ರಕ್ತದ ಹಾಗಿದ್ದದ್ದು ಸಂಜೆಯ ಮೋಡದಷ್ಟು ತಿಳಿಯಾಗಿ, ಅದೂ ಹೋಯಿತು. ಯಾರೂ ಕೈ ಹಾಕದೆ, ಯಾರೂ ಎಳೆಯದೆ, ನಮ್ಮ ಕಣ್ಣೆದುರಿಗೇ ಆ ಎತ್ತು ತನ್ನ ಹಗ್ಗವನ್ನು ತಾನೇ ಕಳಚಿಕೊಂಡಿತು.

ಸುಣ್ಣದ ಗುಣ ಅಷ್ಟೇ ಎಂದು ನಿಮ್ಮ ಸ್ಕೂಲಿನ ಮಾಸ್ತರು ಹೇಳಬಹುದು. ಹೇಳಲಿ. ನಾನು ಕೈಮುಗಿದೆ.

“ಬಿಚ್ಚಿಕೊಳ್ತು,” ಎಂದಳು ಪಾಪವ್ವ. ಬೋರಯ್ಯ ರುಮಾಲನ್ನು ಮತ್ತೆ ತಲೆಗೆ ಸುತ್ತಿಕೊಂಡರು.

ಹೊತ್ತು ಇಳಿಯುವಾಗ ಮಂದೆ ಬಂತು. ಮೊದಲು ದೂಳು, ಆಮೇಲೆ ಗೊರಸಿನ ಸದ್ದು, ಆಮೇಲೆ ಕೊಂಬುಗಳ ಕಾಡು. ಕೋಲಿಲ್ಲ, ಹಗ್ಗವಿಲ್ಲ, ಹೊಯ್ ಎಂಬ ಕೂಗಿಲ್ಲ. ಬೋರಯ್ಯ ಬಾಗಿಲಲ್ಲಿ ನಿಂತು ಒಂದೊಂದನ್ನೂ ಹೆಸರು ಹಿಡಿದು, ಮನೆಮಂದಿಯನ್ನು ಊಟಕ್ಕೆ ಕರೆಯುವ ದನಿಯಲ್ಲಿ ಕರೆದರು. ಅವು ನನ್ನ ಪಕ್ಕದಲ್ಲೇ ನಡೆದುಹೋದವು. ಹಗ್ಗ ಕಾಣದ ಎತ್ತಿನ ಮುಖ ಹೇಗಿರುತ್ತದೆ ಎಂದು ನೋಡಿದೆ. ಮೂಗು ಅಗಲ, ಒದ್ದೆ, ನಯ. ಕಣ್ಣು ಎದುರಿನವರನ್ನು ನೇರ ನೋಡುತ್ತದೆ. ನಮ್ಮ ಮನೆಯ ಎತ್ತುಗಳು ಹಾಗೆ ನೋಡುವುದಿಲ್ಲ, ಮಕ್ಕಳೇ. ಅವು ನಾವು ಏನು ಮಾಡುತ್ತೇವೆ ಎಂದು ನೋಡುತ್ತವೆ. ಇವು ನಾವು ಯಾರು ಎಂದು ನೋಡಿದವು.

ನಾನು ಗೋಡೆಗೆ ಒರಗಿಕೊಂಡೆ. ಅಂಚಿನ ಕೆಮ್ಮಣ್ಣು ಬೆನ್ನಿಗೆಲ್ಲ ಹತ್ತಿತು.

ಸರಿ, ಕೂಲಿಯ ಮಾತು ಎಲ್ಲಿ ಹೋಯಿತು ಎನ್ನುತ್ತೀರಿ. ನಿಮ್ಮಪ್ಪನೂ ಅದನ್ನೇ ಯೋಚಿಸುತ್ತಾ ಗಾಡಿಯಲ್ಲಿ ಕೂತು ಕೆಮ್ಮುತ್ತಿದ್ದ. ಬೋರಯ್ಯ ತಾವಾಗಿಯೇ ಹೇಳಿದರು.

“ನೋಡವ್ವ, ದೇವರೆತ್ತಿಗೆ ಬೆಲೆ ಕಟ್ಟಂಗಿಲ್ಲ. ಅದರ ಚಿತ್ರಕ್ಕೂ ಕಟ್ಟಂಗಿಲ್ಲ. ಇಷ್ಟು ತಗೋ ಅಂತ ನಿನ್ನ ಕೈಗೆ ಇಟ್ರೆ ಎತ್ತನ್ನ ಮಾರಿದಂಗೆ.”

ನಾನು ತಲೆಯಾಡಿಸಿದೆ. ಆ ದಿನ ನೋಡಿದ್ದರ ಮುಂದೆ ಏನು ಕೇಳುವುದು? ಗಾಡಿ ಹತ್ತಿದೆ.

ನಿಮ್ಮವ್ವ ಕೇಳಿದ ಮೊದಲ ಮಾತೇ, “ಏನು ಕೊಟ್ರು?”

ಹೇಳಿದೆ.

“ಚೆನ್ನಾಗೈತೆ! ಊರೋರು ಪ್ರೀತಿ ಅಂದ್ರು, ಇವರು ದೇವರು ಅಂದ್ರು. ಕೊಡಬಾರದು ಅನ್ನೋರಿಗೆ ಒಂದೊಂದು ಹೆಸರು ಸಿಗ್ತೈತೆ.” ಒಲೆಯ ಪಕ್ಕದಲ್ಲಿದ್ದ ಕುಂಚದ ಕಟ್ಟನ್ನು ಎತ್ತಿಕೊಂಡಳು. ನಾನು ತಡೆಯಲಿಲ್ಲ. ಅವಳು ಅದನ್ನು ನೋಡಿದಳು, ನನ್ನ ಸೀರೆಯ ಬೆನ್ನಿಗೆ ಹತ್ತಿದ ಕೆಂಪು ನೋಡಿದಳು, ಕಟ್ಟನ್ನು ಗೂಡಿನಲ್ಲಿಟ್ಟಳು. “ಸುಗ್ಗಿ ಇನ್ನೂ ಮುಗಿದಿಲ್ಲ,” ಎಂದು ತನಗೆ ತಾನೇ ಹೇಳಿಕೊಂಡ ಹಾಗೆ ಹೇಳಿದಳು.

ಆಮೇಲೆ ಯಾರ ಗೋಡೆಗೂ ಹೋಗಲಿಲ್ಲ. ಕರೆದವರಿಗೆ ನಿಮ್ಮವ್ವನೇ ಬಾಗಿಲಲ್ಲಿ ಉತ್ತರ ಕೊಟ್ಟಳು. ನಮ್ಮ ಸಜ್ಜೆಯ ತೆನೆ ಮುರಿದಾಯಿತು, ಕಣ ಮಾಡಿದ್ದಾಯಿತು, ರಾಶಿ ಮನೆಗೆ ಬಂತು. ನನ್ನ ಗಡುವು ಮುಗಿದಂತೆಯೇ. ಗೂಡಿನ ಕಡೆ ನೋಡುವುದನ್ನು ಬಿಟ್ಟೆ.

ಹೋದ ವಾರ ಹಟ್ಟಿಯಿಂದ ಒಬ್ಬ ಆಳು ಬಂದ. “ನಾಳೆ ನಮ್ಮ ಕಣದಾಗೆ ರಾಶಿ. ಗೋಣಿಚೀಲ ತಗೊಂಡು ಬರ್ಬೇಕಂತೆ,” ಎಂದ. ಯಾಕೆ ಎಂದರೆ ಅವನಿಗೂ ಗೊತ್ತಿಲ್ಲ. ಈ ಸಲ ನಿಮ್ಮವ್ವನೇ ನನ್ನ ಜೊತೆ ಹೊರಟಳು. ಜಗಳಕ್ಕೆ ಸಿದ್ಧವಾಗಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು.

ಕಣದ ನಡುವೆ ಸಜ್ಜೆಯ ರಾಶಿ. ಸುತ್ತ ಬೂದಿಯ ಗೆರೆ. ಎಲ್ಲರೂ ಚಪ್ಪಲಿ ಬಿಟ್ಟು, ದನಿ ತಗ್ಗಿಸಿ ನಿಂತಿದ್ದರು. ಮೊದಲು ದೇವರ ಪಾಲು ತೆಗೆದರು. ಆಮೇಲೆ ಆಯದ ಪಾಲು. ಆಯ ಎಂದರೆ ವರ್ಷವೆಲ್ಲ ಊರಿನ ಕೆಲಸ ಮಾಡಿದವರಿಗೆ ರಾಶಿಯಲ್ಲೇ ಕೊಡುವ ಪಾಲು. ಬೋರಯ್ಯ ಮೊರ ಹಿಡಿದು ಒಬ್ಬೊಬ್ಬರನ್ನೇ ಕರೆದರು. ಬಡಗಿ ಬಂದ, ಚೀಲ ಒಡ್ಡಿದ, ಹೋದ. ಕಮ್ಮಾರ. ಕುಂಬಾರ. ಅಗಸ. ಕ್ಷೌರದವನು. ತಲೆತಲಾಂತರದಿಂದ ಬಂದ ಸಾಲು ಅದು, ಅದರಲ್ಲಿ ಹಿಂದುಮುಂದು ಆಗುವುದಿಲ್ಲ, ಹೊಸಬರು ಸೇರುವುದಿಲ್ಲ. ನಾವು ದೂರದಲ್ಲಿ ನಿಂತು ನೋಡುತ್ತಿದ್ದೆವು.

ಸಾಲು ಮುಗಿಯಿತು. ಬೋರಯ್ಯ ಮೊರ ಕೆಳಗಿಡಲಿಲ್ಲ.

“ಚಿತ್ರದವ್ವ,” ಎಂದು ಕರೆದರು.

ಯಾರೂ ಮುಂದೆ ಬರಲಿಲ್ಲ. ಯಾರಿರಬಹುದು ಎಂದು ನಾನೂ ಕತ್ತು ಎತ್ತಿ ನೋಡಿದೆ. ನಿಮ್ಮವ್ವ ನನ್ನ ಪಕ್ಕೆ ತಿವಿದಳು.

“ಅತ್ತೆ, ನಿಮ್ಮನ್ನೇ!”

ಹೇಗೆ ನಡೆದೆನೋ ತಿಳಿಯದು. ಮೊರ ತುಂಬಿ ಮೂರು ಸಲ ನನ್ನ ಚೀಲಕ್ಕೆ ಸುರಿದರು, ಕುಂಬಾರನಿಗೆ ಸುರಿದಷ್ಟೇ. ಕಾಳು ಬೀಳುವ ಸದ್ದಿಗೆ ನನ್ನ ಕಿವಿ ತುಂಬಿತು.

ನಿಮ್ಮವ್ವ ಬಿಡುವವಳೇ? “ಬೆಲೆ ಕಟ್ಟಂಗಿಲ್ಲ ಅಂದಿದ್ರಂತೆ?” ಎಂದು ಕೇಳೇಬಿಟ್ಟಳು.

“ಬೆಲೆ ಎಲ್ಲಿ ಕಟ್ಟಿದೆನವ್ವ?” ಎಂದರು ಬೋರಯ್ಯ. “ಒಂದು ನೇಗಿಲಿಗೆ ಇಷ್ಟು ಅಂತ ಬಡಗಿಗೆ ಕೊಡ್ತೀವಾ? ನಮ್ಮೋನು ಅಂತ ಕೊಡ್ತೀವಿ. ಮಳೆ ಬಂದು ಗೋಡೆ ತೊಳೆದಾಗೆಲ್ಲ ನಿಮ್ಮತ್ತೆ ಬಂದು ಬರೀಬೇಕು. ಬರೆದ್ರೂ ಆಯ ಐತೆ, ಮಳೆ ಬರದೆ ಚಿತ್ರ ಹಂಗೇ ಉಳಿದ್ರೂ ಆಯ ಐತೆ.”

ನಿಮ್ಮವ್ವ ಸೊಂಟದ ಸೆರಗನ್ನು ಬಿಡಿಸಿ ತಲೆಯ ಮೇಲೆ ಹೊದ್ದುಕೊಂಡಳು. ಅವಳು ಯಾರ ಎದುರೂ ಹಾಗೆ ಮಾಡಿದ್ದನ್ನು ನಾನು ಕಂಡಿರಲಿಲ್ಲ.

ಹೆಸರು ತಿಳಿಯದವರಿಗೆ ಕೆಲಸ ಹೇಗೆ ಸಿಗುತ್ತದೆ ಎಂದು ಯಾರಾದರೂ ನನ್ನನ್ನು ಕೇಳಿದರೆ ಹೇಳಲು ಬಾರದು. ನಾನು ಒಂದು ಆರ್ಡರ್ ಹುಡುಕಿಕೊಂಡು ಹೋಗಿದ್ದೆ. ಸಿಕ್ಕಿದ್ದು ಒಂದು ಸಾಲಿನಲ್ಲಿ ನಿಲ್ಲುವ ಜಾಗ. ಕಮ್ಮಾರನ ಅಜ್ಜನ ಅಜ್ಜನೂ ನಿಂತಿದ್ದ ಸಾಲು ಅದು. ಅದರ ಕೊನೆಗೆ, ಈ ಸುಗ್ಗಿಯಿಂದ, ಒಂದು ಈಚಲ ಕಡ್ಡಿ.

ಚೀಲದ ಬಾಯಿ ಕಟ್ಟುತ್ತಿದ್ದಾಗ ಬೋರಯ್ಯ ಇನ್ನೊಂದು ಮಾತು ಕೇಳಿದರು. ಆಯ ಕೊಟ್ಟ ಮೇಲೆ ಅದನ್ನು ಕೇಳುವುದು ಪದ್ಧತಿಯಂತೆ. ಆಯ ಒಬ್ಬರಿಗಲ್ಲ, ಮನೆತನಕ್ಕೆ. ಆಯದವರು ಹೋದ ಮೇಲೆ ಆ ಕೆಲಸಕ್ಕೆ ಬರುವವರ ಹೆಸರನ್ನು ರಾಶಿಯ ಮುಂದೆ ಹೇಳಬೇಕು.

“ನಿನ್ನ ಹಿಂದೆ ಯಾರವ್ವ?”

ನಾನು ನಿಮ್ಮವ್ವನ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು. ಮುಂದಿನ ಸುಗ್ಗಿಗೆ ಹೇಳುತ್ತೇನೆ ಎಂದು ಬಂದಿದ್ದೇನೆ.

ನಿಮ್ಮಲ್ಲಿ ಯಾರ ಹೆಸರು ಹೇಳಲಿ?